ಮಂಗಳ ಗ್ರಹದ ಫೋಟೋದಲ್ಲಿ ಕುಳಿ ಅಂತ ಬರ್ದಿರ್ತಾರೆ, ನಂಗೆ ಗುಡ್ಡ ಥರ ಕಾಣುತ್ತೆ, ಯಾಕೆ?

ಆಟೋ ರೊಟೇಟ್ ಆಫ್ ಮಾಡಿ, ಫೋನ್ ತಲೆಕೆಳಗೆ ಹಿಡಿದು ಅದೇ ಫೋಟೋ ಇನ್ನೊಂದು ಸಲ ನೋಡಿ. ಬಹುಪಾಲು ಗುಡ್ಡ ಎಲ್ಲ ಗುಂಡಿ ಆಗಿರುತ್ತೆ.

ನಾನು ಸೋಮವಾರಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಕೆಲಸ, ಲೆಕ್ಕ ನೋಡ್ಕೊಳ್ಳೋನು. ಹೋದ ವರ್ಷ ಗಿಡ ನೆಡೋಕೆ ಒಂದೂವರೆ ಅಡಿ ಗುಂಡಿ ತೋಡಿಸಿ, ಮಣ್ಣೆಲ್ಲ ಆಚೆ ಎಳೆಸಿ, ಸಂಜೆ ಬಿಸಿಲು ಬೆನ್ನಿಗೆ ಹೊಡೀತಿರೋವಾಗ ದಿಬ್ಬದ ಮೇಲಿಂದ ಫೋಟೋ ತೆಗೆದು ಸಾವ್ಕಾರ್ರಿಗೆ ವಾಟ್ಸಾಪ್ ಮಾಡ್ದೆ. ಐದೇ ನಿಮಿಷಕ್ಕೆ ಫೋನು, "ಏನಯ್ಯಾ, ಗುಂಡಿ ತೋಡ್ಸು ಅಂದ್ರೆ ಸಾಲಾಗಿ ಮಣ್ಣು ಗುಡ್ಡೆ ಹಾಕ್ಸಿದೀಯಲ್ಲ?" ಅಂತ. ನಾನೂ ನೋಡ್ತೀನಿ, ಹೌದು, ಗುಡ್ಡೆನೇ! ಬಿಸಿಲು ನನ್ನ ಹಿಂದೆ ಇತ್ತಲ್ಲ, ಹಂಗಾಗಿ ಗುಂಡಿಯ ಆಚೆ ಗೋಡೆ ಬೆಳಗಿ, ನನ್ನ ಕಡೆ ಗೋಡೆ ಕಪ್ಪಾಗಿತ್ತು. ಫೋಟೋದಲ್ಲಿ ಮೇಲೆ ಬೆಳಕು, ಕೆಳಗೆ ನೆರಳು. ಬೆಳಕು ಯಾವಾಗ್ಲೂ ತಲೆ ಮೇಲಿಂದನೇ ಬರೋದು ಅಂತ ನಮ್ಮ ಮೆದುಳಿಗೆ ರೂಢಿ, ಅದಕ್ಕೆ ಆ ಥರ ಕಂಡಿದ್ದನ್ನ ಉಬ್ಬು ಅಂತ ಲೆಕ್ಕ ಹಾಕ್ಬಿಡುತ್ತೆ. ಈಗ ಗುಂಡಿ ಫೋಟೋ ಅಂದ್ರೆ ಒಳಗೆ ಒಬ್ರನ್ನ ನಿಲ್ಸಿನೇ ತೆಗೆಯೋದು.

ಮಂಗಳದಲ್ಲಿ ನಿಲ್ಲಿಸೋಕೆ ಯಾರೂ ಇಲ್ವಲ್ಲ. ನಾಸಾದ ಮಾರ್ಸ್ ರಿಕಾನೆಸೆನ್ಸ್ ಆರ್ಬಿಟರ್ ಅನ್ನೋ ನೌಕೆ 2006ರಿಂದ ಮಂಗಳದ ಸುಮಾರು 300 ಕಿ.ಮೀ. ಮೇಲೆ ಸುತ್ತುತ್ತಿದೆ, ಅದರ ಹೈರೈಸ್ ಕ್ಯಾಮೆರಾಗೆ ಊಟದ ಮೇಜಿನಷ್ಟು ಬಂಡೆನೂ ಕಾಣುತ್ತೆ. ಅದು ಬೇಕಂತಲೇ ಅಲ್ಲಿನ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಹಾದು ಹೋಗೋ ಥರ ಕಕ್ಷೆ ಇಟ್ಟಿದಾರೆ, ನಡುನೆತ್ತಿ ಬಿಸಿಲಲ್ಲಿ ತೆಗೆದ್ರೆ ನೆರಳೇ ಇಲ್ದೆ ಎಲ್ಲ ಚಪ್ಪಟೆ ಕಾಣುತ್ತೆ ನೋಡಿ. ಸೂರ್ಯ ಪಶ್ಚಿಮಕ್ಕಿರೋದ್ರಿಂದ, ಉತ್ತರ ಮೇಲಿಟ್ಟು ಹಾಕಿರೋ ಫೋಟೋಗಳಲ್ಲಿ ಬೆಳಕು ಸಾಮಾನ್ಯವಾಗಿ ಎಡಗಡೆಯಿಂದ. ಎಡಗೋಡೆ ಕಪ್ಪು, ಬಲಗೋಡೆ ಬೆಳಕು ಇದ್ರೆ ಕುಳಿ, ಉಲ್ಟಾ ಇದ್ರೆ ಗುಡ್ಡ.

ನೆರಳು ನಂಬಿ ಜಗತ್ತೇ ಮೋಸ ಹೋಗಿದ್ದೂ ಇದೆ. 1976ರಲ್ಲಿ ನಾಸಾದ ವೈಕಿಂಗ್ 1 ನೌಕೆ ಕಳಿಸಿದ, ಮಂಗಳದ ಸೈಡೋನಿಯಾ ಅನ್ನೋ ಜಾಗದ ಫೋಟೋದಲ್ಲಿ ಮನುಷ್ಯನ ಮುಖ ಕಾಣ್ತು, ಮೂಗಿನ ಹೊಳ್ಳೆ ಥರ ಇದ್ದಿದ್ದು ಡೇಟಾ ಬಿಟ್ಟುಹೋದ ಚುಕ್ಕೆ ಅಷ್ಟೆ. 1998 ಮತ್ತೆ 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಹತ್ತಿರದಿಂದ ತೆಗೆದಾಗ ಸವೆದು ಹೋದ ಮಾಮೂಲಿ ಗುಡ್ಡ. ಅದೇ ನೌಕೆ ನೆಲಕ್ಕೆ ಲೇಸರ್ ಬಿಟ್ಟು, ವಾಪಸ್ ಬರೋ ಟೈಮ್ ಅಳೆದು ಇಡೀ ಗ್ರಹದ ಎತ್ತರ ತಗ್ಗಿನ ನಕ್ಷೆನೇ ಮಾಡ್ತು. ಹಂಗಾಗಿ ಕುಳಿ ಅಂತ ಬರೆಯೋರು ಬರೀ ಕಣ್ಣಂದಾಜಲ್ಲಿ ಬರೆಯೋದಿಲ್ಲ.

ತಿರುಗಿಸಿದ್ರೂ ಗುಡ್ಡನೇ ಕಂಡ್ರೆ ಆ ಫೋಟೋ ಇಲ್ಲಿ ಹಾಕಿ, ನೋಡೋಣ.