ಗಪ್ಪಿ ಬದುಕಿದರೆ ನೀರು ಒಳ್ಳೆಯದು ಅಂತಾನಾ?

ಪ್ರಶ್ನೆ: ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ (ಲೋಹದ ಲೇಪ ಕೊಡುವ) ಘಟಕ ಇದೆ. ಹೊರಗೆ ಬಿಡುವ ನೀರನ್ನು ಶುದ್ಧ ಮಾಡಿಸುತ್ತೇವೆ. ಲ್ಯಾಬ್ ವರದಿಯಲ್ಲಿ ತಾಮ್ರ, ನಿಕಲ್, ಕ್ರೋಮಿಯಂ ಎಲ್ಲ ಮಿತಿಯೊಳಗೇ ಇವೆ. ಆ ನೀರಿಗೆ ನಾಲ್ಕು ಗಪ್ಪಿ ಮೀನು ಬಿಟ್ಟಿದ್ದೆ. ಎರಡು ದಿನವಾದರೂ ಆರಾಮಾಗಿವೆ. ಇಷ್ಟು ಸಾಕಲ್ವಾ?
– ಓದುಗರು, ಬೆಳಗಾವಿ

ಉತ್ತರ: ಯಾರೂ ಹೇಳದೆ ನೀವೇ ಪರೀಕ್ಷೆಗೆ ಇಳಿದದ್ದು ನನಗೆ ತುಂಬಾ ಹಿಡಿಸಿತು. ಆದರೆ ಸಾಲದು. ಗಪ್ಪಿ ಗಟ್ಟಿ ಜೀವ. ಸೊಳ್ಳೆ ಮರಿ ತಿನ್ನಲಿ ಅಂತ ಕೊಳಕು ನೀರಿಗೂ ಬಿಡುತ್ತಾರಲ್ಲ, ಅದೇ ಮೀನು. ಮೇಲಾಗಿ, ನಮ್ಮ ಪರಿಸರ ನಿಯಮ ಕೇಳುವುದು ಎರಡಲ್ಲ, ನಾಲ್ಕು ದಿನ. ಏನೂ ಬೆರೆಸದ ತ್ಯಾಜ್ಯ ನೀರಿನಲ್ಲಿ 96 ಗಂಟೆಯ ನಂತರವೂ ನೂರಕ್ಕೆ 90 ಮೀನು ಬದುಕಿರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಡಾಫ್ನಿಯಾ ಸಾಕುತ್ತಿದ್ದೆ. ಅದು ಹೊಂಡದ ನೀರಿನಲ್ಲಿ ಈಜುವ, ಸೀಗಡಿಯ ದೂರದ ನೆಂಟನಾದ ಪುಟ್ಟ ಜೀವಿ, ವಿಷ ತಾಗಿದರೆ ಬೇಗ ಸೋಲುತ್ತದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ವರ್ಷಗಟ್ಟಲೆ ಸಾಕಿದ್ದೇನೆ. ಮಳೆಗಾಲ ಮುಗಿದ ಮೇಲೆ ವಡಗಾವಿ ಕಡೆಯ ಹೊಂಡದಿಂದ ಬಲೆ ಹಾಕಿ ತರುತ್ತಿದ್ದೆ. ಸಾಸಿವೆ ಕಾಳಿನಷ್ಟು ದೊಡ್ಡದು, ಮೈ ಗಾಜಿನ ಹಾಗೆ. ಮೈಕ್ರೋಸ್ಕೋಪಿನಡಿ ಇಟ್ಟರೆ ಹೃದಯ ಪಟಪಟ ಬಡಿಯುವುದು ಕಾಣುತ್ತದೆ. ಪಾಚಿ ತಿಂದಿದ್ದರೆ ಕರುಳು ಹಸಿರು ದಾರದಂತೆ ಹೊಳೆಯುತ್ತದೆ.

ಹುಟ್ಟಿ 24 ಗಂಟೆ ದಾಟದ ಮರಿಗಳನ್ನು ನಿಮ್ಮ ತ್ಯಾಜ್ಯ ನೀರು ತುಂಬಿದ ನಾಲ್ಕು ಗಾಜಿನ ಲೋಟಕ್ಕೆ ಐದೈದರಂತೆ ಬಿಡಬೇಕು. 48 ಗಂಟೆ ಊಟವಿಲ್ಲ. ಆಮೇಲೆ ಲೋಟವನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡು ನೋಡಿ. ಅಷ್ಟರೊಳಗೆ ಈಜದವು ಎಷ್ಟು ಅಂತ ಎಣಿಸಿ. ಅರ್ಧಕ್ಕೆ ಅರ್ಧ, ಕಾಲು ಪಾಲು ಹೀಗೆ ತೆಳು ಮಾಡಿದ ನೀರಿನಲ್ಲೂ ಇದನ್ನೇ ಮಾಡಿದರೆ ವಿಷ ಎಷ್ಟು ಗಟ್ಟಿ ಅನ್ನುವುದು ತಿಳಿಯುತ್ತದೆ.

ವರದಿ ಸರಿಯಿದ್ದರೂ ಇದೆಲ್ಲ ಯಾಕೆ ಅಂತೀರಾ? ತಾಮ್ರವನ್ನೇ ನೋಡಿ. ಹಳ್ಳ, ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತನಕ ಇರಬಹುದು ಅನ್ನುತ್ತದೆ ಸಾಮಾನ್ಯ ನಿಯಮ. ಮೆದು ನೀರಿನ ಡಾಫ್ನಿಯಾಕ್ಕೆ 0.1 ಮಿಲಿಗ್ರಾಂ ಕೂಡ ಜಾಸ್ತಿಯೇ. ಮೈಗೆ ಬೇಕಾದ ಸೋಡಿಯಂ ಒಳಗೆ ಬರದಂತೆ ತಾಮ್ರ ತಡೆಯುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅಡ್ಡ ನಿಂತು ಸ್ವಲ್ಪ ಕಾಪಾಡುತ್ತದೆ. ಹಾಗಾಗಿ ನೀರು ತೆಳು ಮಾಡಲು ಗಡಸಾದ ಬೋರ್‌ವೆಲ್ ನೀರು ಬಳಸಿ ಸಮಾಧಾನಪಟ್ಟುಕೊಳ್ಳಬೇಡಿ. ಇನ್ನೊಂದು, ವರದಿ ಒಂದೊಂದು ಲೋಹವನ್ನೂ ಬೇರೆ ಬೇರೆ ಅಳೆಯುತ್ತದೆ. ಜೀವಿಗೆ ಎಲ್ಲವೂ ಒಟ್ಟಿಗೇ ತಾಗುತ್ತವೆ.

ಹೋಲಿಸಿ ನೋಡಲು, ಮರಿಗಳನ್ನು ಬಿಟ್ಟ ಶುದ್ಧ ನೀರಿನ ಒಂದು ಲೋಟ ಪಕ್ಕದಲ್ಲಿ ಇರಲೇಬೇಕು. ನಿಮ್ಮ ಗಪ್ಪಿ ಪರೀಕ್ಷೆಯಲ್ಲಿ ಅದಿರಲಿಲ್ಲ. ಒಮ್ಮೆ ನನ್ನ ಮರಿಗಳು ಆ ಲೋಟದಲ್ಲೇ ಸತ್ತವು. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಸಿಕ್ಕಿದ್ದು, ಹೊಸದಾಗಿ ಹಾಕಿಸಿದ್ದ ಹಿತ್ತಾಳೆ ನಲ್ಲಿ! ರಾತ್ರಿಯೆಲ್ಲ ಅದರಲ್ಲಿ ನಿಂತ ನೀರಿಗೆ ತಾಮ್ರ ಬಿಟ್ಟಿತ್ತು, ಬೆಳಿಗ್ಗೆ ನಾನು ಹಿಡಿಯುತ್ತಿದ್ದುದು ಅದೇ ನೀರನ್ನು. ಆ ನೀರನ್ನು ನಾವು ಸುಮ್ನೆ ಕುಡಿಯುತ್ತಿದ್ದೆವು, ಏನೂ ಗೊತ್ತಾಗಿರಲಿಲ್ಲ.

ಮನೆಯ ಪರೀಕ್ಷೆ ನಿಮ್ಮ ತಿಳಿವಳಿಕೆಗೆ ಮಾತ್ರ. ದಾಖಲೆಗೆ ಮಾನ್ಯತೆ ಇರುವ ಲ್ಯಾಬೇ ಬೇಕು. ಸ್ಯಾಂಪಲ್ಲನ್ನು ಪ್ಲೇಟಿಂಗ್ ತೊಟ್ಟಿ ಖಾಲಿ ಮಾಡಿದ ದಿನವೇ ಹಿಡಿಯಿರಿ. ಆ ಗಪ್ಪಿಗಳನ್ನು ಇವತ್ತೇ ಒಳ್ಳೆ ನೀರಿಗೆ ಹಾಕಿ. ಹಳ್ಳಕ್ಕೆ ಮಾತ್ರ ಬಿಡಬೇಡಿ, ಅವು ನಮ್ಮ ನಾಡಿನ ಮೀನಲ್ಲ.