ಕಿಲ್ ಕಮ್ಮಿ ಅಂತ ಸ್ಮೋಕ್ ಹಾಕುವವನನ್ನು ಬಿಡೋದಾ?

ಪ್ರಶ್ನೆ: ಸರ್, ನಾವು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಐದು ಜನ. ವಿದ್ಯಾನಗರದ ನಮ್ಮ ರೂಮಿನಲ್ಲೇ ವ್ಯಾಲರಂಟ್ (ಐದೈದು ಜನರ ಟೀಮ್ ಆಡುವ ಶೂಟಿಂಗ್ ಗೇಮ್) ಪ್ರಾಕ್ಟೀಸ್ ಮಾಡುತ್ತೇವೆ. ಒಂದು ಓಪನ್ ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ 13–9ಕ್ಕೆ ಸೋತೆವು. ನಮ್ಮ ಕಂಟ್ರೋಲರ್, ಅಂದರೆ ಎದುರಾಳಿಗೆ ಕಾಣದಂತೆ ಹೊಗೆ (ಸ್ಮೋಕ್) ಹಾಕುವವನು, ಯಾವಾಗಲೂ ಸ್ಕೋರ್‌ಬೋರ್ಡಿನ ತಳದಲ್ಲೇ ಇರುತ್ತಾನೆ. ಚಿತ್ರದುರ್ಗದಲ್ಲಿ ಇಮ್ಮಾರ್ಟಲ್ ಅನ್ನುವ ಮೇಲಿನ ರ‍್ಯಾಂಕಿನ ಒಬ್ಬ ಹುಡುಗ ಇದ್ದಾನೆ, ಜೆಟ್ ಅನ್ನುವ ಪಾತ್ರವನ್ನು ಸಖತ್ತಾಗಿ ಆಡುತ್ತಾನೆ. ಇವನನ್ನು ಬಿಟ್ಟು ಅವನನ್ನು ತಗೊಳ್ಳೋಣ ಅಂತ ಮೂವರು ಹಟ ಹಿಡಿದಿದ್ದಾರೆ. ಐಜಿಎಲ್ (ಆಟದ ನಡುವೆ ಏನು ಮಾಡಬೇಕು ಅಂತ ಹೇಳುವ ನಾಯಕ) ನಾನೇ. ಏನು ಮಾಡಲಿ?

ಉತ್ತರ: ನಿಮ್ಮಲ್ಲಿ ಈಗಾಗಲೇ ಒಬ್ಬ ಡ್ಯುಯೆಲಿಸ್ಟ್ (ಮೊದಲು ನುಗ್ಗಿ ಹೊಡೆದಾಡುವವನು) ಇದ್ದಾನೆ ಅಲ್ವಾ? ಬರುವವನೂ ಡ್ಯುಯೆಲಿಸ್ಟೇ. ಹಾಗಾದರೆ ನಾಳೆಯಿಂದ ಸ್ಮೋಕ್ ಯಾರು ಹಾಕುತ್ತಾರೆ? ಆ ಮೂವರನ್ನು ಇದೊಂದೇ ಕೇಳಿ. ಉತ್ತರ ಬರುವ ತನಕ ಯಾರನ್ನೂ ಬಿಡಬೇಡಿ.

ಕಂಟ್ರೋಲರ್‌ನ ಕಿಲ್ ಕಮ್ಮಿ ಇರುವುದು ಹೊಸದೇನಲ್ಲ. ಉಳಿದವರು ಸೈಟ್ (ಬಾಂಬ್ ಇಡುವ ಜಾಗ) ಒಳಗೆ ನುಗ್ಗುವಾಗ ಅವನು ಹಿಂದೆ ನಿಂತು ಸ್ಮೋಕ್ ಹಾಕುತ್ತಿರುತ್ತಾನೆ, ನಾಲ್ವರೂ ಸತ್ತ ಮೇಲೆ ಒಬ್ಬನೇ ಮೂವರ ಎದುರು ಉಳಿಯುವುದೂ ಅವನೇ, ಅಂಥ ಜಾಗದಲ್ಲಿ ಕಿಲ್ ಎಲ್ಲಿಂದ ಬರಬೇಕು? ಕಬಡ್ಡಿಯಲ್ಲಿ ಕಾರ್ನರ್ ನಿಂತವನು ರೈಡಿಂಗ್ ಪಾಯಿಂಟ್ ತರಲಿಲ್ಲ ಅಂತ ಯಾರೂ ಬೈಯುವುದಿಲ್ಲ. ಸೆಮಿಫೈನಲ್ ರೆಕಾರ್ಡಿಂಗ್ ಇದ್ದರೆ ಐವರೂ ಕೂತು ನೋಡಿ. ನುಗ್ಗುವ ಮೊದಲೇ ಸ್ಮೋಕ್ ಬಿದ್ದಿತ್ತಾ? ಬಿದ್ದ ಮೇಲೆ ಡ್ಯುಯೆಲಿಸ್ಟ್ ಒಳಗೆ ಹೋದನಾ, ಇಲ್ಲಾ ಬಾಗಿಲಲ್ಲೇ ನಿಂತನಾ? ಮೊದಲು ಸಾಯುತ್ತಿದ್ದವನು ಯಾರು, ಅವನನ್ನು ಹೊಡೆದವನನ್ನು ತಕ್ಷಣ ಹೊಡೆಯಲು ಹತ್ತಿರ ಯಾರಾದರೂ ಇದ್ದರಾ? ಸ್ಮೋಕ್ ತಡವಾಗುತ್ತಿದ್ದರೆ ಅದು ಅವನ ತಪ್ಪು, ನೇರವಾಗಿ ಹೇಳಿ ತಿದ್ದಿಕೊಳ್ಳಲು ಸಮಯ ಕೊಡಿ. ಸ್ಮೋಕ್ ಸರಿಯಾಗಿ ಬಿದ್ದೂ ಯಾರೂ ಒಳಗೆ ಹೋಗದಿದ್ದರೆ ಬದಲಾಗಬೇಕಾದವನು ಅವನಲ್ಲ.

ಇನ್ನೊಂದು ವಿಷಯ, ಗೇಮ್ ಒಳಗೆ ಗನ್ ಕೊಳ್ಳುವ ದುಡ್ಡು. ನಿಮ್ಮಂಥ ಟೀಮ್‌ಗಳು ಜಾಸ್ತಿ ರೌಂಡ್ ಕಳೆದುಕೊಳ್ಳುವುದೇ ಇಲ್ಲಿ ಅಂತ ನನ್ನ ನಂಬಿಕೆ. ಪಿಸ್ತೂಲ್ ರೌಂಡ್, ಅಂದರೆ ಮೊದಲನೇ ರೌಂಡ್, ಸೋತರೆ 1900 ಬರುತ್ತದೆ, ಎರಡನೆಯದೂ ಸೋತರೆ 2400. ಎರಡನೇ ರೌಂಡಿನಲ್ಲಿ ಏನೂ ಕೊಳ್ಳದೆ ಕೂತರೆ ಮೂರನೆಯದಕ್ಕೆ ಕೈಯಲ್ಲಿ ಕನಿಷ್ಠ 4300. ವ್ಯಾಂಡಲ್ ರೈಫಲ್ 2900, ದೊಡ್ಡ ಶೀಲ್ಡ್ 1000, ಮಿಕ್ಕಿದ್ದರಲ್ಲಿ ಸ್ಮೋಕ್ ಥರದ ಒಂದೆರಡು ಎಬಿಲಿಟಿ. ಅದೇ ಒಬ್ಬ ತಡೆಯಲಾರದೆ ಎರಡನೇ ರೌಂಡಿನಲ್ಲಿ 1600 ಕೊಟ್ಟು ಸ್ಪೆಕ್ಟರ್ ಗನ್ ಕೊಂಡು ಸತ್ತ ಅನ್ನಿ, ಮೂರನೇ ರೌಂಡಿಗೆ ಅವನ ಹತ್ತಿರ ಇರುವುದು 2700. ಒಂದೂ ಕಿಲ್ ಸಿಗದಿದ್ದರೆ ಶೀಲ್ಡ್ ಹಾಗಿರಲಿ, ಬರೀ ವ್ಯಾಂಡಲ್‌ಗೂ ಸಾಲದು. ನಾಲ್ವರು ರೈಫಲ್ ಹಿಡಿದು ಹೋಗುವಾಗ ಐದನೆಯವನು ಕೈ ಚಾಚುತ್ತಾನೆ. ಸೋತ ಆ 13 ರೌಂಡುಗಳಲ್ಲಿ ಹೀಗಾದವು ಎಷ್ಟು ಅಂತ ಎಣಿಸಿ. ಅದು ಹುಡುಗನನ್ನು ಬದಲಾಯಿಸಿದರೆ ಸರಿಹೋಗಲ್ಲ. ಐಜಿಎಲ್ ಆಗಿ ನೀವೇ 'ಈ ರೌಂಡ್ ಯಾರೂ ಕೊಳ್ಳಬೇಡಿ' ಅನ್ನಬೇಕು, ಎಲ್ಲರೂ ಕೇಳಬೇಕು.

ದೊಡ್ಡ ಟೀಮ್‌ಗಳಲ್ಲೂ ಇದೇ ಗೋಳು. ಕೌಂಟರ್ ಸ್ಟ್ರೈಕ್ ಅನ್ನುವ ಇನ್ನೊಂದು ಶೂಟಿಂಗ್ ಗೇಮಿನ ಫೇಜ್ ಟೀಮ್ ನಿಕೋ, ಗಾರ್ಡಿಯನ್, ಒಲೋಫ್‌ಮೈಸ್ಟರ್ ಅವರಂಥ ಹೆಸರುಗಳನ್ನೆಲ್ಲ ಒಟ್ಟು ಹಾಕಿಯೂ 2018ರ ಜನವರಿಯಲ್ಲಿ ಬಾಸ್ಟನ್ ಮೇಜರ್ (ಆ ಗೇಮಿನ ಅತಿ ದೊಡ್ಡ ಟೂರ್ನಮೆಂಟ್) ಫೈನಲ್‌ನಲ್ಲಿ ಕ್ಲೌಡ್‌ನೈನ್‌ಗೆ ಸೋತಿತು. ಅದೇ ವರ್ಷದ ಕೊನೆಗೆ ಐಜಿಎಲ್ ಕ್ಯಾರಿಗನ್ ಅವರನ್ನು ಹೊರಗಿಟ್ಟರು. 2021ರಲ್ಲಿ ಅವರನ್ನೇ ವಾಪಸ್ ಕರೆತಂದರು, 2022ರಲ್ಲಿ ಅವರ ಕೈಕೆಳಗೇ ಆಂಟ್ವರ್ಪ್ ಮೇಜರ್ ಗೆದ್ದರು. ಕ್ಯಾರಿಗನ್ ಕಿಲ್ ಲೆಕ್ಕದಲ್ಲಿ ಯಾವತ್ತೂ ಮೇಲಿದ್ದವರಲ್ಲ. ಡೆನ್ಮಾರ್ಕಿನ ಆಸ್ಟ್ರಾಲಿಸ್ ಟೀಮ್ ನೋಡಿ. 2018ರ ಶುರುವಿನಲ್ಲಿ ಒಬ್ಬ ಆಟಗಾರ ಬಿಟ್ಟು ಹೋದಾಗ ಆ ಒಂದು ಜಾಗಕ್ಕೆ ಮ್ಯಾಜಿಸ್ಕ್ ಅವರನ್ನು ತಂದರು, ಉಳಿದ ನಾಲ್ವರನ್ನು ಹಾಗೇ ಇಟ್ಟುಕೊಂಡರು, ಆಮೇಲೆ ಲಂಡನ್, ಕಾಟೊವಿಟ್ಸೆ, ಬರ್ಲಿನ್ ಅಂತ ಸಾಲಾಗಿ ಮೂರು ಮೇಜರ್ ಗೆದ್ದರು. ಆ ನಾಲ್ವರಲ್ಲಿ ಆಂಡ್ರಿಯಾಸ್ ಹೊಯ್‌ಸ್ಲೆತ್ ಅನ್ನುವವರದು ನಿಮ್ಮ ಹುಡುಗನಂಥದ್ದೇ ಸಪೋರ್ಟ್ ಕೆಲಸ. ಕೊನೆಗೆ ಒಬ್ಬರೇ ಉಳಿದು ರೌಂಡ್ ಗೆಲ್ಲಿಸುವುದರಲ್ಲಿ ಎಷ್ಟು ಪಳಗಿದ್ದರೆಂದರೆ ಜನ ಅವರನ್ನು 'ಕ್ಲಚ್ ಮಿನಿಸ್ಟರ್' ಅಂತಲೇ ಕರೆಯುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೂ ದುರ್ಗದ ಹುಡುಗ ಬೇಕು ಅನಿಸಿದರೆ ಈಗಿನ ಡ್ಯುಯೆಲಿಸ್ಟ್ ಜಾಗದಲ್ಲಿ ಕೆಲವು ಸ್ಕ್ರಿಮ್ (ಪ್ರಾಕ್ಟೀಸ್ ಮ್ಯಾಚ್) ಆಡಿಸಿ ನೋಡಿ. ರ‍್ಯಾಂಕ್ ಮ್ಯಾಚಿನಲ್ಲಿ ತನಗೆ ತೋಚಿದ ಹಾಗೆ ಓಡುವವನು ನಿಮ್ಮ ಮಾತಿಗೆ ಕಾಯುತ್ತಾನಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಅವನಿಗೆ 4700ರ ಆಪರೇಟರ್ (ಸ್ನೈಪರ್ ಗನ್) ಬೇಕಾದರೆ ಟೀಮಿನ ದುಡ್ಡಿನ ಪ್ಲಾನೇ ಬದಲಾಗುತ್ತದೆ, ಅದಕ್ಕೂ ತಯಾರಿರಿ. ಟೂರ್ನಮೆಂಟಿಗೆ ವಾರ ಇರುವಾಗ ಮಾತ್ರ ಯಾರನ್ನೂ ಬದಲಾಯಿಸಬೇಡಿ.

ಪ್ರಶ್ನೆ: ನನ್ನ ಮಗನನ್ನು ಅವನ ಟೀಮಿನವರು ವಾಟ್ಸ್ಆ್ಯಪ್ ಗ್ರೂಪಿನಿಂದ ತೆಗೆದುಹಾಕಿದರು. ಒಂದು ಮಾತೂ ಹೇಳಲಿಲ್ಲ. ಸರಿಯಾಗಿ ಊಟ ಮಾಡುತ್ತಿಲ್ಲ. ಬರೀ ಗೇಮ್‌ಗೆ ಇಷ್ಟೊಂದು ಬೇಜಾರಾ?
– ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಅಮ್ಮಾ, ಅವನಿಗೆ ಅದು ಬರೀ ಗೇಮ್ ಅಲ್ಲ. ದಿನಾ ಸಂಜೆ ಜೊತೆಗಿದ್ದ ಗೆಳೆಯರು ಒಂದೇ ಸಲಕ್ಕೆ ಬಾಗಿಲು ಹಾಕಿಕೊಂಡಿದ್ದಾರೆ, ನೋವಾಗದೆ ಇರುತ್ತದಾ? 'ಹೋಗಲಿ ಬಿಡು' ಅನ್ನಬೇಡಿ. ಟೀಮಿನಲ್ಲಿ ನಿನ್ನ ಕೆಲಸ ಏನಿತ್ತು ಅಂತ ಕೇಳಿ, ಹೇಳಲು ಬಿಡಿ. ಮನಸ್ಸು ತಿಳಿಯಾದ ಮೇಲೆ ಕ್ಯಾಪ್ಟನ್‌ಗೆ ಫೋನ್ ಮಾಡಿ ಕಾರಣ ಕೇಳಲಿ, ಅದು ಅವನ ಹಕ್ಕು. ಊಟ ಬಿಡುವುದು ಹೀಗೇ ಮುಂದುವರಿದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇದನ್ನು ಓದುವ ಕ್ಯಾಪ್ಟನ್‌ಗಳಿಗೂ ಒಂದು ಮಾತು: ಬಿಡುವುದಾದರೆ ಎದುರಿಗೆ ಕೂರಿಸಿಕೊಂಡು, ಕಾರಣ ಹೇಳಿ ಬಿಡಿ.

ಪ್ರಶ್ನೆ: ಬಿಜಿಎಂಐ (ಕೊನೆಯ ತನಕ ಉಳಿದ ಟೀಮ್ ಗೆಲ್ಲುವ ಮೊಬೈಲ್ ಶೂಟಿಂಗ್ ಗೇಮ್) ಸ್ಕ್ವಾಡ್‌ನಲ್ಲಿ ನಾಲ್ವರೂ ಕಿಲ್ ಹುಡುಕಿಕೊಂಡು ಹೋಗುವ ಫ್ರ್ಯಾಗರ್‌ಗಳೇ ಇದ್ದರೆ ತಪ್ಪೇನು? ಬೇಗ ಇಳಿದು ಹೊಡೆದಾಡಿದರೆ ಪಾಯಿಂಟ್ ಬರುತ್ತದಲ್ಲ?
– ಹರಿಹರದ ಓದುಗ

ಉತ್ತರ: ಬರುತ್ತದೆ, ಒಂದು ಕಿಲ್‌ಗೆ ಒಂದು ಪಾಯಿಂಟ್. ಆದರೆ ದೊಡ್ಡ ಟೂರ್ನಮೆಂಟಿನ ಲೆಕ್ಕ ನೋಡಿ. 16 ಟೀಮ್‌ಗಳಲ್ಲಿ ಮೊದಲನೆಯದಕ್ಕೆ 10, ಆಮೇಲೆ 6, 5, 4, 3, 2, ಏಳು ಮತ್ತು ಎಂಟನೆಯವರಿಗೆ ತಲಾ 1, ಉಳಿದವರಿಗೆ ಸೊನ್ನೆ. ನಾಲ್ಕು ಕಿಲ್ ಮಾಡಿ ಹನ್ನೆರಡನೆಯವರಾಗಿ ಹೋದರೂ 4, ಒಂದೂ ಕಿಲ್ ಇಲ್ಲದೆ ನಾಲ್ಕನೆಯವರಾದರೂ 4. ವ್ಯತ್ಯಾಸ ಏನೆಂದರೆ ನಾಲ್ಕನೇ ಜಾಗದ ತನಕ ಉಳಿದವರಿಗೆ ಮುಂದೆ ಕಿಲ್ಲೂ ಸಿಗಬಹುದು, ಆ 10 ಕೂಡ ಸಿಗಬಹುದು. ಅದಕ್ಕೇ ಇಬ್ಬರು ಫ್ರ್ಯಾಗರ್ ಸಾಕು. ಒಬ್ಬ ಝೋನ್ (ಕುಗ್ಗುತ್ತಾ ಹೋಗುವ ಸುರಕ್ಷಿತ ಜಾಗ) ನೋಡಿ ಗಾಡಿ ಯಾವಾಗ ಹೊರಡಬೇಕು ಅಂತ ಹೇಳಲಿ, ಇನ್ನೊಬ್ಬ ಸ್ಮೋಕ್ ಜಾಸ್ತಿ ಇಟ್ಟುಕೊಂಡು ಬಿದ್ದವರನ್ನು ಎಬ್ಬಿಸಲಿ. ಯಾರು ಯಾವುದು ಅಂತ ಇಳಿಯುವ ಮೊದಲೇ ಮಾತಾಡಿಕೊಳ್ಳಿ.