ನೇರಳೆ ಎಲೆಯ ಬಳ್ಳಿ ಜಗುಲಿಯಲ್ಲಿ ಹಸಿರಾಗುವುದೇಕೆ?

ಶಿರಸಿಯ ಮನೆಯ ಜಗುಲಿಯಲ್ಲಿ ತೂಗುಹಾಕಿದ ಬಳ್ಳಿಯ ಎಲೆ ಹಸಿರಾಗಿ, ಕಾಂಡ ಬೋಳಾಗಿ ಜೋತುಬಿದ್ದಿದೆ ಎಂದಿದ್ದೀರಿ. ಉದ್ದನೆಯ ಎಲೆ, ಮೂರೆಸಳಿನ ತಿಳಿಗುಲಾಬಿ ಹೂವು ಇದ್ದರೆ ಅದು ಮೆಕ್ಸಿಕೊ ಮೂಲದ ಟ್ರೇಡ್‌ಸ್ಕಾಂಟಿಯಾ ಪಲ್ಲಿಡಾ. ರೋಗವೇನೂ ಅಲ್ಲ, ಬೆಳಕು ಸಾಲದು. ನೇರಳೆ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಬಿಸಿಲು ತಗ್ಗಿದರೆ ಅದು ಕಡಿಮೆಯಾಗಿ ಹಸಿರು ಎದ್ದು ಕಾಣುತ್ತದೆ. ಇಳಿಮಾಡಿನ ಜಗುಲಿ, ಎದುರಿಗೆ ಅಡಿಕೆ ತೋಟ ಎಂದಮೇಲೆ ಬಿಸಿಲು ಎಲ್ಲಿಂದ ಬರಬೇಕು? ಕೆಲವು ಗಂಟೆಯಾದರೂ ನೇರ ಬಿಸಿಲು ಬೀಳುವ ಕಿಟಕಿಗೋ ಅಂಗಳದ ಅಂಚಿಗೋ ಸರಿಸಿ. ಹೊಸ ಚಿಗುರು ನೇರಳೆಯಾಗಿಯೇ ಬರುತ್ತದೆ.

ಬೋಳು ಕಾಂಡವನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಗಿಣ್ಣಿನ ಮೇಲೆ ಕತ್ತರಿಸಿ, ತುದಿಯ ತುಂಡುಗಳ ಕೆಳಗಿನ ಎಲೆ ಕಿತ್ತು ಅದೇ ಕುಂಡಕ್ಕೆ ಊರಿ. ಮಣ್ಣಿನೊಳಗಿನ ಗಿಣ್ಣಿನಿಂದ ಬೇರು ಬರುತ್ತದೆ, ಕುಂಡವೂ ತುಂಬಿಕೊಳ್ಳುತ್ತದೆ. ಕೆಲವರಿಗೆ ಇದರ ರಸ ತಾಗಿದರೆ ತುರಿಕೆ. ನಾಯಿ, ಬೆಕ್ಕಿಗೂ ಹಾಗೆಯೇ.

ಕಾರವಾರದ ಕಡೆ ತೋಟದಲ್ಲಿ ನೆಡುವವರಿಗೆ ಬಿಸಿಲಿನ ಚಿಂತೆಯಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯದೇ ಚಿಂತೆ. ನೀರು ನಿಂತರೆ ಬುಡ ಕೊಳೆಯುತ್ತದೆ. ಮಣ್ಣಿಗೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಏರಿ ಮಾಡಿ ನೆಡಿ. ಕುಂಡವಾದರೆ ಮಳೆಗಾಲಕ್ಕೆ ಸೂರಿನಡಿ ಇಡಿ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದ ಮೇಲೆ ನೀರು ಕೊಟ್ಟರೆ ಸಾಕು.

ಕತ್ತರಿಸಿದ ಚೂರುಗಳನ್ನು ಹಳ್ಳದ ಬದಿಗೆ ಎಸೆಯಬೇಡಿ, ಬಿದ್ದಲ್ಲೇ ಬೇರೂರುವ ಜಾತಿ ಇದು.